ಮಲಗುಂಡಿ, ಬಾವಿ ಮತ್ತು ಮ್ಯೂನಿಕ್‌ನ ಔಷಧಿಕಾರ

ಪುಣೆ, ಹೈದರಾಬಾದ್ ಅಥವಾ ಚೆನ್ನೈನ ಅಂಚಿನಲ್ಲಿ, ಪಾಲಿಕೆಯ ಗಡಿ ದಾಟಿದ ಮೇಲೆ ಸಿಗುವ ಬಡಾವಣೆಯಲ್ಲಿ ನೀವಿದ್ದರೆ, ನಿಮ್ಮ ನಲ್ಲಿಗೆ ಬೋರ್‌ವೆಲ್ ನೀರು ಬರುತ್ತಿರಬಹುದು. ಶೌಚಾಲಯದ ನೀರು ಸೆಪ್ಟಿಕ್ ಟ್ಯಾಂಕಿಗೂ ಅಲ್ಲಿಂದ ಇಂಗುಗುಂಡಿಗೂ ಹೋಗುತ್ತಿರಬಹುದು. ಎರಡಕ್ಕೂ ನೆಲ ಒಂದೇ. ಈ ನಂಟನ್ನು ಅರ್ಧ ಶತಮಾನದ ಹಿಂದಲ್ಲ, ಒಂದೂವರೆ ಶತಮಾನಕ್ಕೂ ಹಿಂದೆ ಅಳೆಯಲು ಹೊರಟ ಔಷಧಿಕಾರರೊಬ್ಬರಿದ್ದರು. ಕಾಲರಾ ಬಗ್ಗೆ ಅವರ ಸಿದ್ಧಾಂತ ತಪ್ಪಾಗಿತ್ತು. ಅವರು ಹೇಳಿದ ಪರಿಹಾರ ಮಾತ್ರ ಊರನ್ನು ಕಾಪಾಡಿತು.

ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1818ರಲ್ಲಿ ಬವೇರಿಯಾದ ಹಳ್ಳಿಗಾಡಿನಲ್ಲಿ ಹುಟ್ಟಿದರು. ಮ್ಯೂನಿಕ್‌ನ ಅರಮನೆಯ ಔಷಧಾಲಯ ನೋಡಿಕೊಳ್ಳುತ್ತಿದ್ದ ಅಪ್ಪನ ಸೋದರ ಅವರನ್ನು ಸಾಕಿ ಕೆಲಸ ಕಲಿಸಿದರು. ನಡುವೆ ಮುನಿಸಿಕೊಂಡು ನಾಟಕ ಸೇರಿದ್ದೂ ಉಂಟು. ಮರಳಿ ಬಂದು 1843ರಲ್ಲಿ ಔಷಧಶಾಸ್ತ್ರ, ವೈದ್ಯ ಎರಡನ್ನೂ ಮುಗಿಸಿದರು. ಪಿತ್ತಾಮ್ಲವನ್ನು ಸಕ್ಕರೆ ಮತ್ತು ಸಲ್ಫ್ಯೂರಿಕ್ ಆಮ್ಲದಿಂದ ಪತ್ತೆಹಚ್ಚುವ ಪರೀಕ್ಷೆಗೆ ಅವರದೇ ಹೆಸರಿದೆ; ಫಾರ್ಮಸಿ ಓದಿದ ನಮ್ಮಂಥವರಿಗೆ ಅವರು ಮೊದಲು ಪರಿಚಯವಾಗುವುದು ಹಾಗೆಯೇ. 1850ರಲ್ಲಿ ಅರಮನೆಯ ಔಷಧಾಲಯ ಅವರ ಕೈಗೆ ಬಂತು.

1854ರಲ್ಲಿ ಮ್ಯೂನಿಕ್‌ಗೆ ಕಾಲರಾ ಬಂತು. ರಾಜನ ತಾಯಿ ತೆರೇಸಾ ತೀರಿಕೊಂಡರು. ಪೆಟೆನ್‌ಕೋಫರ್ ಕೂಡ ಹಾಸಿಗೆ ಹಿಡಿದು ಬದುಕಿದರು. ಎದ್ದ ಮೇಲೆ ಅವರು ಮಾಡಿದ ಕೆಲಸ ಔಷಧ ಹುಡುಕುವುದಲ್ಲ. ಯಾವ ಬೀದಿಯ ಯಾವ ಮನೆಯಲ್ಲಿ ಸಾವಾಯಿತು ಎಂದು ಪಟ್ಟಿ ಮಾಡುವುದು. ಮ್ಯೂನಿಕ್ ನಿಂತಿರುವುದು ಜಲ್ಲಿಕಲ್ಲಿನ ಬಯಲಿನ ಮೇಲೆ. ಅಂಥ ನೆಲದಲ್ಲಿ ನೀರು ಬೇಗ ಇಳಿಯುತ್ತದೆ. ಮಲಗುಂಡಿಗಳು ಸೋರುತ್ತಿದ್ದವು, ಬಾವಿಗಳು ಪಕ್ಕದಲ್ಲೇ ಇದ್ದವು. 1856ರಿಂದ ಅವರು ಬಾವಿಗಳಲ್ಲಿ ಅಂತರ್ಜಲದ ಮಟ್ಟ ಅಳೆಸತೊಡಗಿದರು.

ಇಲ್ಲೇ ಅವರು ದಾರಿ ತಪ್ಪಿದ್ದು. ಅಂತರ್ಜಲ ಇಳಿದಾಗ ಮಲಿನ ಮಣ್ಣು ತೇವವಾಗಿ ಉಳಿಯುತ್ತದೆ, ರೋಗದ ಬೀಜ ಅದರಲ್ಲಿ ಬಲಿತ ಮೇಲಷ್ಟೇ ಕಾಯಿಲೆ ತರುತ್ತದೆ ಎಂದು ನಂಬಿದರು. ಕುಡಿಯುವ ನೀರೇ ಕಾಲರಾ ತರುತ್ತದೆ ಎಂಬುದನ್ನು ಒಪ್ಪಲಿಲ್ಲ. ಈ ವಾದ ನಮ್ಮಲ್ಲಿಗೂ ಬಂತು: ಕಾಲರಾ ಅಧ್ಯಯನಕ್ಕೆ ಭಾರತಕ್ಕೆ ನೇಮಕವಾದ ಬ್ರಿಟಿಷ್ ವೈದ್ಯರಾದ ಲೂಯಿಸ್ ಮತ್ತು ಕನ್ನಿಂಗ್‌ಹ್ಯಾಮ್, 1869ರಲ್ಲಿ ಕಲ್ಕತ್ತೆಗೆ ಬರುವ ಮೊದಲು ಅವರ ಬಳಿ ಕಲಿತಿದ್ದರು.

ಆದರೆ ಮಣ್ಣು ಕೊಳೆಯಬಾರದು ಎಂಬ ಹಟದಿಂದ ಹುಟ್ಟಿದ ಸಲಹೆಗಳನ್ನು ನೋಡಿ: ಸೋರುವ ಗುಂಡಿಗಳು ಹೋಗಲಿ, ಕೊಳಕು ಕೊಳವೆಯಲ್ಲಿ ಊರಾಚೆ ಹರಿಯಲಿ, ನೀರು ದೂರದ ಶುದ್ಧ ಮೂಲದಿಂದ ಬರಲಿ. 1865ರಲ್ಲಿ ನೈರ್ಮಲ್ಯಶಾಸ್ತ್ರದ ಪ್ರಾಧ್ಯಾಪಕರಾದ ಅವರು 1873ರಲ್ಲಿ ಊರಿನ ಜನರಿಗೆ ಉಪನ್ಯಾಸ ಕೊಟ್ಟು, ಕಾಯಿಲೆಗೆ ಊರು ತೆರುವ ಹಣದ ಲೆಕ್ಕ ಒಪ್ಪಿಸಿದರು. ತೆರಿಗೆ ಕಟ್ಟುವವರಿಗೆ ಕರುಣೆಗಿಂತ ಈ ಲೆಕ್ಕ ಬೇಗ ತಟ್ಟಿತೆಂದು ನನ್ನ ಊಹೆ. ಒಳಚರಂಡಿ ಬೆಳೆಯಿತು. 1883ರಲ್ಲಿ ಮಾಂಗ್‌ಫಾಲ್ ಕಣಿವೆಯ ನೀರು ಬಂತು. ಟೈಫಾಯ್ಡ್ ಸಾವುಗಳು ಇಳಿದವು. ಕೊಳಕನ್ನು ಸಂಸ್ಕರಿಸದೆ ಈಸಾರ್ ನದಿಗೆ ಬಿಡಲು ಅವರು ಒಪ್ಪಿದ್ದು, ಕೆಳಗಿನ ಊರುಗಳು ಕೂಗಾಡಿದ್ದು ಇನ್ನೊಂದು ಕಥೆ.

ಅಂದು ಅವರಿಗೆ ತಿಳಿಯದ ಒಂದು ಮಾತು ನಿಮಗೆ ಬೇಕಾದೀತು. ಸೆಪ್ಟಿಕ್ ಟ್ಯಾಂಕ್ ಗಟ್ಟಿಯಾದದ್ದನ್ನು ತಡೆಯುತ್ತದೆ. ಮಲಮೂತ್ರದ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗಿ ಅಂತರ್ಜಲ ಸೇರುತ್ತದೆ. ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ, ಇನ್ನಷ್ಟು ಗಾಢವಾಗುತ್ತದೆ. ಅಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಹಸುಗೂಸಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳಬಹುದು. ಭಾರತದಲ್ಲಿ ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬೋರ್‌ವೆಲ್ ನೀರು ಪರೀಕ್ಷಿಸುವಾಗ ರೋಗಾಣು ಜೊತೆಗೆ ಇದನ್ನೂ ಕೇಳಿ. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತ ಗೀಲಾನ್-ಬಾರೆ ಸಿಂಡ್ರೋಮ್ ಹೆಚ್ಚಿದಾಗ ಅನುಮಾನ ಹೋದದ್ದು, ಪಾಲಿಕೆಗೆ ಈಚೆಗೆ ಸೇರಿದ ಹಳ್ಳಿಗಳಿಗೆ ಬರುತ್ತಿದ್ದ ನೀರಿನ ಮೇಲೆಯೇ.

1892ರಲ್ಲಿ ಹ್ಯಾಂಬರ್ಗ್‌ನಲ್ಲಿ ಕಾಲರಾದಿಂದ 8,000ಕ್ಕೂ ಹೆಚ್ಚು ಜನ ಸತ್ತರು. ಆ ನಗರದಲ್ಲಿ ಒಳಚರಂಡಿಯಿತ್ತು; ಎಲ್ಬೆ ನದಿಯ ನೀರನ್ನು ಮಾತ್ರ ಸೋಸದೆ ಕೊಡುತ್ತಿದ್ದರು. ಪಕ್ಕದ ಆಲ್ಟೋನಾ ಬೇರೆ ಆಡಳಿತದ ಊರು. ಹ್ಯಾಂಬರ್ಗ್‌ಗಿಂತ ಕೆಳಗೆ ಅದೇ ನದಿಯ ನೀರನ್ನು ಎತ್ತಿ, ಮರಳಿನಲ್ಲಿ ಸೋಸುತ್ತಿತ್ತು. ಗಡಿಯ ಬೀದಿಯಲ್ಲಿ ಒಂದು ಬದಿಗೆ ಸಾವು, ಇನ್ನೊಂದು ಬದಿಗೆ ಬಹುತೇಕ ಏನೂ ಇಲ್ಲ. ಪೆಟೆನ್‌ಕೋಫರ್ ಆಗಲೂ ಮಣಿಯಲಿಲ್ಲ. ಅಕ್ಟೋಬರ್ 7ರಂದು, 73ನೇ ವಯಸ್ಸಿನಲ್ಲಿ, ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನೇ ಕುಡಿದರು. ಜಠರದ ಆಮ್ಲ ಅಡ್ಡಬರದಿರಲೆಂದು ಅಡುಗೆ ಸೋಡಾ ಬೆರೆಸಿಕೊಂಡಿದ್ದರು; ಔಷಧಿಕಾರನ ಬುದ್ಧಿ! ಸ್ವಲ್ಪ ಭೇದಿಯಾಯಿತು, ಅಷ್ಟೇ. ಗೆದ್ದೆನೆಂದುಕೊಂಡರು. ನಂತರ ಹಾಗೆಯೇ ಕುಡಿದ ಶಿಷ್ಯ ಎಮ್ಮರಿಖ್‌ಗೆ ಕಾಯಿಲೆ ಜೋರಾಗಿಯೇ ಬಂತು.

ಹೆಂಡತಿಯನ್ನೂ ಮಕ್ಕಳಲ್ಲಿ ಮೂವರನ್ನೂ ಕಳೆದುಕೊಂಡು ಕುಗ್ಗಿದ್ದ ಅವರು 1901ರ ಫೆಬ್ರವರಿಯಲ್ಲಿ ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ಮ್ಯೂನಿಕ್ ಇಂದಿಗೂ ಮಾಂಗ್‌ಫಾಲ್ ಕಣಿವೆಯ ನೀರು ಕುಡಿಯುತ್ತದೆ. ಆ ಕಣಿವೆ ನಗರದ ಗಡಿಯಾಚೆಗಿದೆ. ಅಲ್ಲಿನ ಅಂತರ್ಜಲ ಕೆಡದಿರಲೆಂದು 1990ರ ದಶಕದಿಂದ ನಗರವೇ ಅಲ್ಲಿಯ ರೈತರಿಗೆ ಸಾವಯವ ಬೇಸಾಯ ಮಾಡಲು ಹಣ ಕೊಡುತ್ತಿದೆ.