ಊರು ಬಿಡಿಸಿದರೂ ಕುಗ್ಗದ ವಿಜ್ಞಾನಿ ಮ್ಯಾಕ್ಸ್ ಬಾರ್ನ್



ಆನ್ ಫ್ರಾಂಕ್ ಎಂಬ ಹುಡುಗಿಯ ಹೆಸರು ನೀವು ಕೇಳಿರಬಹುದು. ಯಹೂದಿ ಕುಟುಂಬದಲ್ಲಿ ಹುಟ್ಟಿದ್ದೇ ಅವಳ ತಪ್ಪಾಯಿತು. ಹಿಟ್ಲರನ ಜನರಿಗೆ ಹೆದರಿ ಎರಡು ವರ್ಷ ಮನೆಯವರ ಜೊತೆ ಅಡಗಿ ಕೂತಿದ್ದಳು. ಕೊನೆಗೆ ಸಿಕ್ಕಿಬಿದ್ದು, 1945ರಲ್ಲಿ 15ನೇ ವಯಸ್ಸಿಗೆ ಸೆರೆಶಿಬಿರದಲ್ಲಿ ತೀರಿಹೋದಳು. ಅವಳು ಅಡಗಿದ್ದ ಆಂಸ್ಟರ್‌ಡ್ಯಾಮಿನ ಮನೆ 1960ರಿಂದ ವಸ್ತುಸಂಗ್ರಹಾಲಯವಾಗಿದೆ. ಅಷ್ಟು ದೂರ ನಾವೆಲ್ಲಿ ಹೋಗೂಕಾಗ್ತದೆ ಅಂತ ನಾನು ಅಕ್ಕೋರಿಗೆ ಹೇಳಿದೆ. ಆ ಕಾಲದಲ್ಲಿ ಹಿಟ್ಲರನ ಕಾಟದಿಂದ ಪಾರಾಗಿ ನಮ್ಮ ಬೆಂಗಳೂರಿಗೇ ಬಂದವರಿದ್ದಾರೆ ಎಂದು ಅಕ್ಕೋರು ಮ್ಯಾಕ್ಸ್ ಬಾರ್ನ್ ಅವರ ಕತೆ ಹೇಳಿದರು.

ಬಾರ್ನ್ ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಆಗ ಜರ್ಮನಿಯಲ್ಲಿದ್ದ ಬ್ರೆಸ್ಲೌ ಪಟ್ಟಣದಲ್ಲಿ. ಅದು ಈಗ ಪೋಲೆಂಡಿನಲ್ಲಿದೆ. ತೀರ ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. ಕಷ್ಟಪಟ್ಟು ಓದಿ 1921ರಲ್ಲಿ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಮರದಿಂದ ಉದುರಿದ ತೆಂಗಿನಕಾಯಿ ಎಲ್ಲಿ ಬೀಳುತ್ತದೆ ಎಂದು ನಾವು ಹೇಳಬಹುದು. ಆದರೆ ಎಲೆಕ್ಟ್ರಾನ್ ಎಲ್ಲಿ ಸಿಗುತ್ತದೆ ಎಂದು ಖಚಿತವಾಗಿ ಹೇಳಲಾಗದು, ಎಲ್ಲಿ ಸಿಗುವ ಸಂಭವ ಎಷ್ಟು ಎಂದು ಮಾತ್ರ ಲೆಕ್ಕ ಹಾಕಬಹುದು. ಇದನ್ನು 1926ರಲ್ಲಿ ಜಗತ್ತಿಗೆ ತಿಳಿಸಿದವರು ಇವರೇ.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿಗಳನ್ನು ಸರ್ಕಾರಿ ಕೆಲಸದಿಂದ ತೆಗೆಯುವ ಕಾನೂನು ಏಪ್ರಿಲ್ ತಿಂಗಳಲ್ಲೇ ಬಂತು. ಕೆಲಸ ಕಳೆದುಕೊಂಡವರ ಪಟ್ಟಿಯಲ್ಲಿ ತಮ್ಮ ಹೆಸರಿರುವುದನ್ನು ಬಾರ್ನ್ ಪತ್ರಿಕೆಯಲ್ಲಿ ಓದಿ ತಿಳಿಯಬೇಕಾಯಿತು. ಹೆಂಡತಿ ಹೆಡ್ವಿಗ್ ಮತ್ತು ಮಕ್ಕಳೊಂದಿಗೆ ದೇಶ ಬಿಟ್ಟರು. ಮೊದಲು ಇಟಲಿ, ಆಮೇಲೆ ಇಂಗ್ಲೆಂಡಿನ ಕೇಂಬ್ರಿಜ್. ಅಲ್ಲಿ ಸಿಕ್ಕಿದ್ದು ತಾತ್ಕಾಲಿಕ ಕೆಲಸ. ವಯಸ್ಸು ಆಗಲೇ ಐವತ್ತು ದಾಟಿತ್ತು.

ಆಗ ಅವರನ್ನು ಕರೆದವರು ನಮ್ಮ ಸಿ.ವಿ. ರಾಮನ್. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಅವರು 1935ರಲ್ಲಿ ಬಾರ್ನ್ ದಂಪತಿಗಳನ್ನು ಬೆಂಗಳೂರಿಗೆ ಕರೆಸಿಕೊಂಡರು. ಬಾರ್ನ್ ಸುಮಾರು ಆರು ತಿಂಗಳು ಇಲ್ಲಿ ಪಾಠ ಮಾಡಿದರು. ಅವರಿಗೆ ಇಲ್ಲೇ ಕಾಯಂ ಹುದ್ದೆ ಕೊಡಿಸಬೇಕೆಂದು ರಾಮನ್ ಬಹಳ ಪ್ರಯತ್ನಪಟ್ಟರು. ಆದರೆ ಪ್ರಾಧ್ಯಾಪಕರ ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು ಎದ್ದು ನಿಂತು, ತನ್ನ ದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದಲ್ಲಿ ಮಾತಾಡಿಬಿಟ್ಟರು. ಬಾರ್ನ್ ಅಲ್ಲೇ ಕೂತು ಅದನ್ನು ಕೇಳಬೇಕಾಯಿತು. ಮನೆಗೆ ಬಂದು ಹೆಂಡತಿಯೆದುರು ಅತ್ತೇಬಿಟ್ಟೆ ಎಂದು ಆಮೇಲೆ ರುದರ್‌ಫರ್ಡ್ ಅವರಿಗೆ ಪತ್ರದಲ್ಲಿ ತಿಳಿಸಿದ್ದಾರೆ. ಹುದ್ದೆ ಸಿಗಲಿಲ್ಲ, ಬಾರ್ನ್ ಹೊರಟರು.

1936ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯ ಅವರಿಗೆ ಪ್ರಾಧ್ಯಾಪಕ ಹುದ್ದೆ ಕೊಟ್ಟಿತು. 1939ರ ಆಗಸ್ಟ್ 31ರಂದು ಅವರು ಬ್ರಿಟಿಷ್ ಪ್ರಜೆಯಾದರು. ಮರುದಿನವೇ ಹಿಟ್ಲರ್ ಪೋಲೆಂಡಿನ ಮೇಲೆ ಯುದ್ಧ ಹೂಡಿದ. ಆ ಯುದ್ಧ ಮುಗಿಯುವುದರೊಳಗೆ ಸುಮಾರು 60 ಲಕ್ಷ ಯಹೂದಿಗಳ ಕೊಲೆಯಾಯಿತು. 1954ರಲ್ಲಿ ಬಾರ್ನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಎರಡನೇ ದರ್ಜೆ ಅಂದವರ ಮಾತು ಎಲ್ಲಿ ಹೋಯ್ತು ನೋಡಿ! ಮುಪ್ಪಿನಲ್ಲಿ ಅವರು ಜರ್ಮನಿಗೇ ಹಿಂತಿರುಗಿ, ಅಣುಬಾಂಬಿನ ವಿರುದ್ಧ ದನಿಯೆತ್ತಿ, 1970ರ ಜನವರಿ 5ರಂದು ತೀರಿಕೊಂಡರು.

ಅವರ ಸೋದರಳಿಯ ಆಟೊ ಕೋನಿಗ್ಸ್‌ಬರ್ಗರ್ ಕೂಡ ಜರ್ಮನಿ ಬಿಟ್ಟು ಬಂದವರು. 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾದರು. ದೇಶ ವಿಭಜನೆಯಾದ ಮೇಲೆ ದಿಲ್ಲಿಯಲ್ಲಿದ್ದು, ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರಿಗೆ ಮನೆ ಕಟ್ಟಿಸುವ ಕೆಲಸ ಮಾಡಿದರು.

ಹೋದ ವರ್ಷ ಯಶವಂತಪುರದ ಮಾವನ ಜೊತೆ ನಾನು ಆ ವಿಜ್ಞಾನ ಸಂಸ್ಥೆ ನೋಡಲು ಹೋಗಿದ್ದೆ. ವರ್ಷಕ್ಕೊಂದು ದಿನ ಅಲ್ಲಿ ಎಲ್ಲರನ್ನೂ ಒಳಗೆ ಬಿಡುತ್ತಾರೆ. ಗೋಪುರವಿರುವ ದೊಡ್ಡ ಕಲ್ಲಿನ ಕಟ್ಟಡ, ಎದುರಿಗೆ ಟಾಟಾ ಅವರ ಪ್ರತಿಮೆ. ಜನ ಸಂತೆಯ ಹಾಗೆ ಸೇರಿದ್ದರು. ಎಲ್ಲರೂ ಯಂತ್ರ ನೋಡ್ತಾ ಇದ್ದರೆ ನನಗೆ ಮಾತ್ರ ಆ ಸಭೆಯದೇ ನೆನಪು. ಅದರ ಜೊತೆಗೇ ಇನ್ನೊಂದು ನೆನಪಾಯಿತು.

ಹೊನ್ನಾವರದ ಕಡೆ ಹೆದ್ದಾರಿ ಅಗಲ ಮಾಡುವಾಗ, ಆ ಕೆಲಸಕ್ಕೆ ಬಂದವರ ಮಗ ಒಬ್ಬ ನಡುವರ್ಷದಲ್ಲಿ ನಮ್ಮ ತರಗತಿಗೆ ಸೇರಿದ್ದ. ಘಟ್ಟದ ಮೇಲಿನವನು. ಅವನ ಮಾತು ಕೇಳಿ ನಾವು ನಗುತ್ತಿದ್ದೆವು. ಊರಲ್ಲಿ ಗತಿಯಿಲ್ದೆ ಬಂದವ ಅಂತ ಒಂದಿನ ನಾನೇ ಅಂದಿದ್ದೆ. ಅವನು ಏನೂ ಹೇಳದೆ ಹಿಂದಿನ ಬೆಂಚಿಗೆ ಹೋಗಿ ಕೂತ. ಕೆಲಸ ಮುಗಿದ ಮೇಲೆ ಅವರು ಬೇರೆ ಕಡೆ ಹೋದರು. ತಪ್ಪಾಯ್ತು ಅನ್ನಲು ಅವನೀಗ ಇಲ್ಲಿಲ್ಲ.

ಗೆಳೆಯರೇ, ಈ ಸಲ ಶಾಲೆ ಶುರುವಾದಾಗ ಹೊಸಬರು ಯಾರಾದರೂ ಬಂದರೆ ಮುಂದಿನ ಬೆಂಚಿನಲ್ಲಿ, ನನ್ನ ಪಕ್ಕದಲ್ಲಿ, ಜಾಗ ಇದೆ.

– 9ನೇ ತರಗತಿಯ ವಿದ್ಯಾರ್ಥಿ