ಜೈಲು ಕಂಡ ಗರ್ಭಿಣಿಯ ಮಗ, ಜೈಲಿನಲ್ಲಿದ್ದೇ ನಂಬರ್ 1: 25ಕ್ಕೇ ಗುಂಡಿಗೆ ಬಲಿಯಾದ ಟುಪಾಕ್ ಶಕೂರ್ ಬದುಕಿನ ಕಥೆ

1971ರ ಮೇ 13. ನ್ಯೂಯಾರ್ಕ್‌ನ ಕೋರ್ಟ್‌ನಲ್ಲಿ 24 ವರ್ಷದ ತುಂಬು ಗರ್ಭಿಣಿಯೊಬ್ಬರು ತೀರ್ಪಿಗಾಗಿ ಕಾಯುತ್ತಿದ್ದರು. ಪೊಲೀಸ್ ಠಾಣೆಗಳಿಗೆ ಬಾಂಬ್ ಇಡಲು ಸಂಚು ಹೂಡಿದ ಆರೋಪ ಅವರ ಮತ್ತು ಅವರ ಸಂಗಾತಿಗಳ ಮೇಲಿತ್ತು. ಕಾನೂನು ಓದಿದವರಲ್ಲ, ವಕೀಲರನ್ನೂ ಇಟ್ಟುಕೊಂಡಿರಲಿಲ್ಲ. ತಮ್ಮ ಪರ ತಾವೇ ವಾದಿಸಿದ್ದರು, ಸಾಕ್ಷಿಗಳನ್ನು ತಾವೇ ಪಾಟಿ ಸವಾಲಿಗೆ ಒಳಪಡಿಸಿದ್ದರು. ನಡುವೆ ಜಾಮೀನು ರದ್ದಾಗಿ, ಹೊಟ್ಟೆಯಲ್ಲಿ ಮಗುವನ್ನು ಇಟ್ಟುಕೊಂಡೇ ಜೈಲಿನಲ್ಲಿ ದಿನ ಕಳೆದಿದ್ದರು. ಅಂದು 13 ಆರೋಪಿಗಳ ಮೇಲಿದ್ದ ಒಟ್ಟು 156 ಆರೋಪಗಳಲ್ಲಿ ಒಂದೂ ನಿಲ್ಲಲಿಲ್ಲ. ಎಲ್ಲರೂ ಖುಲಾಸೆಯಾದರು.

ಆಕೆಯ ಹೆಸರು ಅಫೇನಿ ಶಕೂರ್. ತೀರ್ಪು ಬಂದು ಸುಮಾರು ಒಂದು ತಿಂಗಳಿಗೆ, ಜೂನ್ 16ರಂದು ಹುಟ್ಟಿದ ಮಗುವೇ ಮುಂದೆ ಜಗತ್ತು 2ಪ್ಯಾಕ್ ಎಂದು ಕರೆದ ರ‍್ಯಾಪರ್.

ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು. ಮರುವರ್ಷ ತಾಯಿ ಅದನ್ನು ಬದಲಿಸಿ ಟುಪಾಕ್ ಅಮಾರು ಶಕೂರ್ ಎಂದು ಕರೆದರು. 18ನೇ ಶತಮಾನದಲ್ಲಿ ಸ್ಪೇನ್ ಆಳ್ವಿಕೆಯ ವಿರುದ್ಧ ಪೆರುವಿನ ಮೂಲನಿವಾಸಿಗಳನ್ನು ಎತ್ತಿಕಟ್ಟಿ ದಂಗೆ ಎದ್ದ, 1781ರಲ್ಲಿ ಮರಣದಂಡನೆಗೆ ಗುರಿಯಾದ ನಾಯಕನ ಹೆಸರದು. ತೊಟ್ಟಿಲ ಕೂಸಿನ ಮೇಲೆ ಇಷ್ಟು ದೊಡ್ಡ ಭಾರ ಹೊರಿಸುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಆದರೆ ಆ ಮನೆಯಲ್ಲಿ ಭಾರವಿಲ್ಲದ ವಿಷಯ ಯಾವುದೂ ಇರಲಿಲ್ಲ.

ಪ್ಯಾಂಥರ್‌ಗಳ ಮನೆಯ ಮಗ

ಅಫೇನಿ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಸದಸ್ಯೆ. 1966ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಶುರುವಾದ ಈ ಪಕ್ಷ, ಕರಿಯರ ಮೇಲಿನ ಪೊಲೀಸ್ ದೌರ್ಜನ್ಯದ ವಿರುದ್ಧ ಬಂದೂಕು ಹಿಡಿದು ಬೀದಿ ಕಾಯುತ್ತಿತ್ತು, ಜತೆಗೆ ಬಡ ಮಕ್ಕಳಿಗೆ ಬೆಳಗಿನ ತಿಂಡಿಯನ್ನೂ ಹಾಕುತ್ತಿತ್ತು. ಮುಂಬೈ ಓದುಗರಿಗೆ ಈ ಹೆಸರು ಹೊಸದೇನಲ್ಲ. ನಾಮದೇವ ಢಸಾಳ್, ಜೆ.ವಿ. ಪವಾರ್ ಮತ್ತಿತರರು ಮುಂಬೈನಲ್ಲಿ ದಲಿತ ಪ್ಯಾಂಥರ್ ಕಟ್ಟಿದಾಗ ಹೆಸರನ್ನೂ ಹುರುಪನ್ನೂ ಪಡೆದದ್ದು ಇದೇ ಪಕ್ಷದಿಂದ. ಅದು 1972, ನ್ಯೂಯಾರ್ಕ್‌ನ ಈ ಮಗುವಿಗೆ ಟುಪಾಕ್ ಎಂದು ಹೆಸರಿಟ್ಟ ವರ್ಷವೇ.

ಹೆತ್ತ ತಂದೆಯೂ ಪ್ಯಾಂಥರ್. ಆದರೆ ಬಾಲ್ಯದಲ್ಲಿ ಜತೆಗಿರಲಿಲ್ಲ. ಮಲತಂದೆ ಮುತುಲು ಶಕೂರ್ ದರೋಡೆ ಪ್ರಕರಣವೊಂದರಲ್ಲಿ ಎಫ್‌ಬಿಐನ ಅತಿ ಬೇಕಾದ ಹತ್ತು ಮಂದಿಯ ಪಟ್ಟಿ ಸೇರಿ, ವರ್ಷಗಟ್ಟಲೆ ತಲೆಮರೆಸಿಕೊಂಡು, 1986ರಲ್ಲಿ ಸಿಕ್ಕಿಬಿದ್ದರು. ಚಿಕ್ಕಮ್ಮನ ಸ್ಥಾನದಲ್ಲಿದ್ದ ಅಸಾಟಾ ಶಕೂರ್ 1979ರಲ್ಲಿ ಜೈಲಿನಿಂದ ತಪ್ಪಿಸಿಕೊಂಡು ಕೊನೆಗೆ ಕ್ಯೂಬಾ ಸೇರಿದರು. ಮನೆಯ ಹಿರಿಯರೆಂದರೆ ಒಬ್ಬರು ಜೈಲಿನಲ್ಲಿ, ಇನ್ನೊಬ್ಬರು ದೇಶದ ಹೊರಗೆ. ಮನೆಗಳು ಬದಲಾಗುತ್ತಲೇ ಇದ್ದವು, ಬಾಡಿಗೆಗೆ ದುಡ್ಡಿರುತ್ತಿರಲಿಲ್ಲ.

ಇಂಥ ಹುಡುಗ ಮೊದಲು ಹಿಡಿದದ್ದು ರಂಗಭೂಮಿಯನ್ನು. 1984ರಲ್ಲಿ, 13ರ ಆಸುಪಾಸಿನಲ್ಲಿ, ಹಾರ್ಲೆಮ್‌ನ ಹೆಸರಾಂತ ಅಪೋಲೊ ಥಿಯೇಟರ್‌ನಲ್ಲಿ 'ಎ ರೈಸಿನ್ ಇನ್ ದ ಸನ್' ನಾಟಕದ ಬಾಲಕನ ಪಾತ್ರ ಮಾಡಿದ. ಅಧ್ಯಕ್ಷ ಚುನಾವಣೆಗೆ ಇಳಿದಿದ್ದ ಜೆಸ್ಸಿ ಜಾಕ್ಸನ್ ಅವರ ಪ್ರಚಾರಕ್ಕೆ ಹಣ ಸೇರಿಸಲು ನಡೆದ ಪ್ರದರ್ಶನವದು. ಕುಟುಂಬ ಬಾಲ್ಟಿಮೋರ್‌ಗೆ ಬಂದಾಗ ಅಲ್ಲಿನ ಕಲಾಶಾಲೆ ಸೇರಿ ನಟನೆ, ಕಾವ್ಯ, ಜಾಝ್, ಬ್ಯಾಲೆ ಕಲಿತ. ಹೌದು, ಬ್ಯಾಲೆ. ಎದೆ ಹೊಟ್ಟೆಯೆಲ್ಲ ಹಚ್ಚೆ ತುಂಬಿದ ಟುಪಾಕ್ ಫೋಟೊ ನೋಡಿದವರಿಗೆ ನಂಬುವುದು ಕಷ್ಟ. ಆದರೆ 'ನಟ್‌ಕ್ರ್ಯಾಕರ್' ನೃತ್ಯರೂಪಕದಲ್ಲಿ ಇಲಿರಾಜನಾಗಿ ಕುಣಿದದ್ದು ಇದೇ ಹುಡುಗ. ನಟಿ ಜೇಡಾ ಪಿಂಕೆಟ್ ಅದೇ ಶಾಲೆಯ ಗೆಳತಿ. ಬಾಲ್ಟಿಮೋರ್‌ನ ಸಾರ್ವಜನಿಕ ಗ್ರಂಥಾಲಯ ಮಕ್ಕಳಿಗೆ ನಡೆಸಿದ ರ‍್ಯಾಪ್ ಸ್ಪರ್ಧೆಗೆ ಆತ ಬರೆದ ಹಾಡಿನ ಕೈಬರಹದ ಪ್ರತಿ ಇಂದಿಗೂ ಆ ಗ್ರಂಥಾಲಯದಲ್ಲಿ ಭದ್ರವಾಗಿದೆ.

1988ರಲ್ಲಿ ಆ ಶಾಲೆಯೂ ಕೈತಪ್ಪಿತು. ಕುಟುಂಬ ಕ್ಯಾಲಿಫೋರ್ನಿಯಾದ ಮರಿನ್ ಸಿಟಿಗೆ ಹೋಯಿತು. ಕೋರ್ಟ್‌ನಲ್ಲಿ ಸರ್ಕಾರವನ್ನೇ ಎದುರಿಸಿ ಗೆದ್ದ ಅಫೇನಿ ಅಷ್ಟರಲ್ಲಿ ಕ್ರ್ಯಾಕ್ ಕೊಕೇನ್‌ಗೆ ಸೋತಿದ್ದರು. ಮಗ ಮನೆ ಬಿಟ್ಟು ಗೆಳೆಯರ ಸೋಫಾಗಳ ಮೇಲೆ ಮಲಗಿದ. ಲೈಲಾ ಸ್ಟೈನ್‌ಬರ್ಗ್ ಎಂಬುವರು ನಡೆಸುತ್ತಿದ್ದ ಕವನ ತರಗತಿ ಆ ದಿನಗಳಲ್ಲಿ ಆತನಿಗೆ ಸಿಕ್ಕ ಆಸರೆ. ಡಿಜಿಟಲ್ ಅಂಡರ್‌ಗ್ರೌಂಡ್ ಎಂಬ ರ‍್ಯಾಪ್ ತಂಡದ ಸಂಪರ್ಕವೂ ಅಲ್ಲಿಂದಲೇ ಬೆಳೆಯಿತು. ತಂಡದಲ್ಲಿ ಮೊದಲ ಕೆಲಸ ಸಾಮಾನು ಹೊರುವುದು, ವೇದಿಕೆಯ ಹಿಂದಿನ ಸಾಲಿನಲ್ಲಿ ಕುಣಿಯುವುದು.

ಪತ್ರಿಕೆಯ ಸುದ್ದಿ ಹಾಡಾಯಿತು

1991ರ ನವೆಂಬರ್‌ನಲ್ಲಿ ಮೊದಲ ಆಲ್ಬಂ '2ಪ್ಯಾಕಲಿಪ್ಸ್ ನೌ' ಬಂತು. ಅದರಲ್ಲಿನ 'ಬ್ರೆಂಡಾಸ್ ಗಾಟ್ ಎ ಬೇಬಿ' ಹಾಡಿನ ಹಿಂದೆ ಇದ್ದದ್ದು ಪತ್ರಿಕೆಯಲ್ಲಿ ಓದಿದ ಒಂದು ಸುದ್ದಿ. 12 ವರ್ಷದ ಹುಡುಗಿ, ಸಂಬಂಧಿಯಿಂದಲೇ ಬಸಿರಾಗಿ, ಹೆತ್ತ ಕೂಸನ್ನು ಕಸಕ್ಕೆ ಎಸೆದಿದ್ದಳು. ಓದಿದವರು ಛೆ ಎಂದು ಪುಟ ಮಗುಚಿರಬಹುದು. ಟುಪಾಕ್ ಆ ಹುಡುಗಿಯ ಕಡೆಯಿಂದ ಕಥೆ ಕಟ್ಟಿದ. ಅವಳ ಮನೆ, ಅವಳ ಕಡೆ ತಿರುಗಿ ನೋಡದ ಬೀದಿ, ಕೊನೆಗೆ ಅವಳ ಸಾವು. ಇಪ್ಪತ್ತರ ಹುಡುಗ ತನ್ನ ಮೊದಲ ಆಲ್ಬಂನ ಹಾಡಿಗೆ ಈ ವಸ್ತು ಆರಿಸಿಕೊಂಡ ಎಂಬುದನ್ನು ಆತನ ಬಗ್ಗೆ ಬರುವ ಯಾವ ಟೀಕೆಯ ಎದುರಿಗೂ ಇಡಬಹುದು.

ಅದಕ್ಕೂ ಒಂದು ತಿಂಗಳ ಮೊದಲು ಓಕ್ಲೆಂಡ್‌ನಲ್ಲಿ ರಸ್ತೆಯನ್ನು ಸರಿಯಾದ ಜಾಗದಲ್ಲಿ ದಾಟಲಿಲ್ಲ ಎಂದು ಪೊಲೀಸರು ಆತನನ್ನು ತಡೆದಿದ್ದರು. ಮಾತಿಗೆ ಮಾತು ಬೆಳೆದು, ನೆಲಕ್ಕೆ ಕೆಡವಿ ಹೊಡೆದರು. ಟುಪಾಕ್ ಒಂದು ಕೋಟಿ ಡಾಲರ್ ಪರಿಹಾರ ಕೇಳಿ ಕೇಸು ಹಾಕಿದ. ಸುಮಾರು 42 ಸಾವಿರ ಡಾಲರ್‌ಗೆ ರಾಜಿಯಾಯಿತು. ಪೊಲೀಸ್ ದೌರ್ಜನ್ಯದ ಬಗ್ಗೆ ಹಾಡಿದವನಿಗೇ ಅದು ಮೈಮೇಲೆ ಬಂದಿತ್ತು. 1992ರಲ್ಲಿ ಟೆಕ್ಸಸ್‌ನಲ್ಲಿ ಪೊಲೀಸ್ ಸಿಬ್ಬಂದಿಯೊಬ್ಬರನ್ನು ಕೊಂದ ಯುವಕನ ಪರ ವಕೀಲರು, ಆತ ಕೇಳುತ್ತಿದ್ದ ಟುಪಾಕ್ ಹಾಡುಗಳನ್ನೇ ದೂರಿದರು. ಅಂದಿನ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಈ ಆಲ್ಬಂಗೆ ಸಮಾಜದಲ್ಲಿ ಜಾಗವೇ ಇಲ್ಲ ಎಂಬ ನಿಲುವು ತೆಗೆದುಕೊಂಡರು. ಆಲ್ಬಂಗೆ ಸಿಕ್ಕಿದ್ದು ಪುಕ್ಕಟೆ ಪ್ರಚಾರ.

1993ರ 'ಕೀಪ್ ಯಾ ಹೆಡ್ ಅಪ್' ಹಾಡನ್ನು ಆತ ಲಟಾಶಾ ಹಾರ್ಲಿನ್ಸ್ ಎಂಬ ಬಾಲಕಿಗೆ ಅರ್ಪಿಸಿದ. 1991ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್‌ನ ಅಂಗಡಿಯಲ್ಲಿ ಒಂದು ಬಾಟಲಿ ಕಿತ್ತಳೆ ಜ್ಯೂಸ್ ವಿಷಯಕ್ಕೆ ಜಗಳವಾಗಿ, ಅಂಗಡಿಯಾಕೆ ಗುಂಡು ಹಾರಿಸಿದಾಗ ಸತ್ತ 15 ವರ್ಷದ ಹುಡುಗಿ ಆಕೆ. ಕೊಂದವಳಿಗೆ ಜೈಲಾಗಲಿಲ್ಲ, 500 ಡಾಲರ್ ದಂಡ, ಸಮುದಾಯ ಸೇವೆ, ನಡತೆಯ ಮೇಲೆ ನಿಗಾ, ಅಷ್ಟೇ. ಮರುವರ್ಷದ ಲಾಸ್ ಏಂಜಲೀಸ್ ಗಲಭೆಯ ಕಿಚ್ಚಿನಲ್ಲಿ ಈ ತೀರ್ಪಿನ ಸಿಟ್ಟೂ ಸೇರಿತ್ತು. ಒಂಟಿ ತಾಯಂದಿರನ್ನು, ಬಡ ಹೆಣ್ಣುಮಕ್ಕಳನ್ನು ಉದ್ದೇಶಿಸಿ ಇಷ್ಟು ಮೆತ್ತಗೆ ಮಾತಾಡುವ ಗಂಡಸು ಆಗಿನ ರ‍್ಯಾಪ್‌ನಲ್ಲಿ ಅಪರೂಪ.

ರೌಡಿಗಳಿಗೊಂದು ನೀತಿಸಂಹಿತೆ

ಹೊಟ್ಟೆಯ ಮೇಲೆ 'ಥಗ್ ಲೈಫ್' ಎಂದು ಹಚ್ಚೆ ಹಾಕಿಸಿಕೊಂಡ ಕಾರಣಕ್ಕೆ ಟುಪಾಕ್‌ನನ್ನು ರೌಡಿಸಂ ಪ್ರಚಾರಕ ಎಂದವರೇ ಹೆಚ್ಚು. ಈಗ ಅದೇ ಎರಡು ಪದ ರೀಲ್ಸ್‌ಗಳಲ್ಲಿ ತಮಾಷೆಗೆ ಬಳಕೆಯಾಗುತ್ತಿದೆ, ಕನ್ನಡದ ಟ್ರೋಲ್ ಪೇಜ್‌ಗಳೂ ಹಿಂದೆ ಬಿದ್ದಿಲ್ಲ. ಮೂಲದಲ್ಲಿ ಅದಕ್ಕೊಂದು ಗಂಭೀರ ಅರ್ಥವಿತ್ತು. ಜೈಲಿನಲ್ಲಿದ್ದ ಮಲತಂದೆ ಮುತುಲು ಜತೆ ಸೇರಿ 1992ರಲ್ಲಿ ಟುಪಾಕ್ ರೂಪಿಸಿದ 26 ಅಂಶಗಳ ನಿಯಮಾವಳಿಯ ಹೆಸರು ಅದು. ಬೀದಿ ಗ್ಯಾಂಗ್‌ಗಳು ಒಂದೇ ದಿನದಲ್ಲಿ ಕಣ್ಮರೆಯಾಗುವುದಿಲ್ಲ ಎಂಬುದು ಗೊತ್ತಿದ್ದವರು ಬರೆದ ನಿಯಮಗಳವು. ಮಕ್ಕಳಿಗೆ, ಗರ್ಭಿಣಿಯರಿಗೆ ಡ್ರಗ್ಸ್ ಮಾರಬಾರದು. ಶಾಲೆಯ ಒಳಗೆ ದಂಧೆ ಕೂಡದು. ಜಗಳಕ್ಕೆ ಸಂಬಂಧವಿಲ್ಲದವರ ಮೇಲೆ ಗುಂಡು ಹಾರಿಸಬಾರದು. ಮಕ್ಕಳಿಗೆ ಕೇಡು ಮಾಡಿದವರಿಗೆ ಕ್ಷಮೆ ಇಲ್ಲ. ಅತ್ಯಾಚಾರ ನಿಲ್ಲಬೇಕು, ಹೆಣ್ಣುಮಕ್ಕಳನ್ನು ಗೌರವಿಸಬೇಕು.

ಇಲ್ಲೇ ಟುಪಾಕ್ ಅಭಿಮಾನಿಗಳಿಗೂ ನುಂಗಲಾಗದ ತುತ್ತು ಎದುರಾಗುವುದು. ಅದೇ 1992ರ ಆಗಸ್ಟ್‌ನಲ್ಲಿ ಮರಿನ್ ಸಿಟಿಯ ಹಬ್ಬವೊಂದರಲ್ಲಿ ಆತನ ಗುಂಪಿಗೂ ಸ್ಥಳೀಯರಿಗೂ ಜಗಳವಾಗಿ, ದಾರಿತಪ್ಪಿದ ಗುಂಡಿಗೆ ಆರು ವರ್ಷದ ಬಾಲಕ ಬಲಿಯಾದ. ಬಂದೂಕು ಟುಪಾಕ್ ಹೆಸರಿನಲ್ಲಿತ್ತು. ಗುಂಡು ಹಾರಿಸಿದ್ದು ಆತನೆಂದು ಸಾಬೀತಾಗಲಿಲ್ಲ, ಕ್ರಿಮಿನಲ್ ಕೇಸು ನಿಲ್ಲಲಿಲ್ಲ. ಮಗುವಿನ ಕುಟುಂಬಕ್ಕೆ ಪರಿಹಾರ ಕೊಟ್ಟು ಸಿವಿಲ್ ದಾವೆ ರಾಜಿಯಾಯಿತು. 1993ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಹೋಟೆಲ್ ಕೋಣೆಯಲ್ಲಿ ತನ್ನ ಮೇಲೆ ಟುಪಾಕ್ ಮತ್ತು ಸಂಗಡಿಗರು ಲೈಂಗಿಕ ದೌರ್ಜನ್ಯ ಎಸಗಿದರೆಂದು 19 ವರ್ಷದ ಯುವತಿ ದೂರು ಕೊಟ್ಟಳು. ಗಂಭೀರ ಆರೋಪಗಳಿಂದ ಪಾರಾದರೂ ಲೈಂಗಿಕ ದೌರ್ಜನ್ಯದ ಆರೋಪದಲ್ಲಿ ಜ್ಯೂರಿ ಟುಪಾಕ್ ತಪ್ಪಿತಸ್ಥನೆಂದಿತು. ಒಂದೂವರೆಯಿಂದ ನಾಲ್ಕೂವರೆ ವರ್ಷದ ಶಿಕ್ಷೆಯಾಯಿತು. ತಾನು ತಪ್ಪು ಮಾಡಿಲ್ಲ ಎಂದೇ ಆತ ಕೊನೆಯವರೆಗೂ ವಾದಿಸಿದ. ಹೆಣ್ಣುಮಕ್ಕಳ ಪರ ಹಾಡು ಬರೆದವನು, ಗೌರವದ ನಿಯಮ ಬರೆದವನು ಎಂಬುದು ಈ ತೀರ್ಪನ್ನು ಹಗುರ ಮಾಡುವುದಿಲ್ಲ. ಇನ್ನಷ್ಟು ಭಾರವಾಗಿಸುತ್ತದೆ.

ತೀರ್ಪಿನ ಹಿಂದಿನ ರಾತ್ರಿ, 1994ರ ನವೆಂಬರ್ 30ರಂದು, ಮ್ಯಾನ್‌ಹಟನ್‌ನ ಸ್ಟುಡಿಯೊವೊಂದರ ಲಾಬಿಯಲ್ಲಿ ಟುಪಾಕ್‌ಗೆ ಐದು ಗುಂಡು ತಗುಲಿದ್ದವು. ಮರುದಿನ ಬ್ಯಾಂಡೇಜ್ ಸುತ್ತಿಕೊಂಡು ವ್ಹೀಲ್‌ಚೇರ್‌ನಲ್ಲಿ ಕೋರ್ಟ್‌ಗೆ ಬಂದ.

ಬಾರ್ ಹಿಂದೆ ನಂಬರ್ 1

1995ರ ಮಾರ್ಚ್‌ನಲ್ಲಿ ಬಂದ 'ಮಿ ಅಗೇನ್‌ಸ್ಟ್ ದ ವರ್ಲ್ಡ್' ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿದಾಗ ಟುಪಾಕ್ ಜೈಲಿನಲ್ಲಿದ್ದ. ಕಂಬಿ ಎಣಿಸುತ್ತಲೇ ನಂಬರ್ 1 ಆಲ್ಬಂ ಕೊಟ್ಟ ಮೊದಲ ಗಾಯಕ ಆತ. ಅದರಲ್ಲಿದ್ದ 'ಡಿಯರ್ ಮಾಮಾ' ತಾಯಿಗೆ ಬರೆದ ಹಾಡು. ತಾಯಿಯನ್ನು ದೇವರು ಮಾಡುವ ಹಾಡುಗಳು ನಮ್ಮ ಸಿನಿಮಾಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ಇಲ್ಲಿ ಮಗ ಅಮ್ಮನ ಡ್ರಗ್ಸ್ ಚಟವನ್ನೂ ಮುಚ್ಚಿಡದೆ ಹೇಳಿ, ಆಮೇಲೆ ಕೈಮುಗಿಯುತ್ತಾನೆ. ಅಷ್ಟರಲ್ಲಿ ಅಫೇನಿ ಚಟದಿಂದ ಹೊರಬಂದಿದ್ದರು.

ಅಕ್ಟೋಬರ್‌ನಲ್ಲಿ 14 ಲಕ್ಷ ಡಾಲರ್ ಜಾಮೀನಿನ ವ್ಯವಸ್ಥೆ ಮಾಡಿ ಆತನನ್ನು ಹೊರತಂದದ್ದು ಡೆತ್ ರೋ ರೆಕಾರ್ಡ್ಸ್‌ನ ಶುಗ್ ನೈಟ್. ಬದಲಿಗೆ ಮೂರು ಆಲ್ಬಂಗಳ ಒಪ್ಪಂದ. ಟುಪಾಕ್ ಬದುಕಿನ ಅತಿ ದುಬಾರಿ ಸಹಿ ಇದು. ಹಾಡುಗಳು ಹೊಳೆಯಂತೆ ಹರಿದವು. 1996ರ ಫೆಬ್ರವರಿಯಲ್ಲಿ 27 ಹಾಡುಗಳ ಜೋಡಿ ಆಲ್ಬಂ 'ಆಲ್ ಐಝ್ ಆನ್ ಮಿ' ಮಾರುಕಟ್ಟೆ ಗೆದ್ದಿತು. ಬ್ರೆಂಡಾ, ಲಟಾಶಾ ಇದ್ದ ಜಾಗಕ್ಕೆ ಪಾರ್ಟಿ ಮತ್ತು ಸೇಡು ಬಂದು ಕೂತವು. ನ್ಯೂಯಾರ್ಕ್ ಗುಂಡಿನ ದಾಳಿಯಲ್ಲಿ ಹಳೆಯ ಗೆಳೆಯ ನೊಟೋರಿಯಸ್ ಬಿಐಜಿ ಕೈವಾಡವಿದೆ ಎಂದು ನಂಬಿದ್ದ ಟುಪಾಕ್, ಆತನನ್ನು ಹಾಡಿನಲ್ಲೇ ಹಿಗ್ಗಾಮುಗ್ಗಾ ಜಾಡಿಸಿದ. ಗ್ಯಾಂಗ್‌ಗಳ ನಡುವೆ ಸಂಧಾನ ಮಾಡಲು ಹೊರಟಿದ್ದವನೇ ಈಗ ಪೂರ್ವ ಕರಾವಳಿ, ಪಶ್ಚಿಮ ಕರಾವಳಿ ಎಂಬ ಜಗಳದ ಮುಂದಾಳು.

1996ರ ಸೆಪ್ಟೆಂಬರ್ 7ರಂದು ಲಾಸ್ ವೇಗಸ್‌ನಲ್ಲಿ ಮೈಕ್ ಟೈಸನ್ ಬಾಕ್ಸಿಂಗ್ ಪಂದ್ಯ ನೋಡಿ ಹೊರಬರುವಾಗ, ಎದುರಾಳಿ ಗ್ಯಾಂಗ್‌ನ ಒರ್ಲಾಂಡೊ ಆಂಡರ್ಸನ್ ಎಂಬ ಯುವಕನ ಮೇಲೆ ಟುಪಾಕ್ ಮತ್ತು ಸಂಗಡಿಗರು ಮುಗಿಬಿದ್ದು ಹೊಡೆದರು. ಕೆಲವೇ ಗಂಟೆಗಳಲ್ಲಿ, ಶುಗ್ ನೈಟ್ ಓಡಿಸುತ್ತಿದ್ದ ಬಿಎಂಡಬ್ಲ್ಯು ಸಿಗ್ನಲ್‌ನಲ್ಲಿ ನಿಂತಿದ್ದಾಗ ಪಕ್ಕಕ್ಕೆ ಬಂದ ಬಿಳಿ ಕ್ಯಾಡಿಲಾಕ್‌ನಿಂದ ಗುಂಡಿನ ಮಳೆ ಸುರಿಯಿತು. ಟುಪಾಕ್‌ಗೆ ನಾಲ್ಕು ಗುಂಡು. ಆರು ದಿನದ ನಂತರ, ಸೆಪ್ಟೆಂಬರ್ 13ರಂದು ಆಸ್ಪತ್ರೆಯಲ್ಲಿ ಕೊನೆಯುಸಿರು. ವಯಸ್ಸು 25. ಆರು ತಿಂಗಳಲ್ಲೇ, 1997ರ ಮಾರ್ಚ್‌ನಲ್ಲಿ ನೊಟೋರಿಯಸ್ ಬಿಐಜಿಯೂ ಕಾರಿನಲ್ಲೇ ಗುಂಡಿಗೆ ಬಲಿಯಾದ.

ಬದುಕಿದ್ದಾಗ ಬಂದದ್ದಕ್ಕಿಂತ ಹೆಚ್ಚು ಆಲ್ಬಂಗಳು ಸತ್ತ ಮೇಲೆ ಬಂದವು. ಬಡತನ, ವರ್ಣಭೇದ, ಪೊಲೀಸರ ಬಗ್ಗೆ 1992ರಲ್ಲೇ ಹಾಡಿಟ್ಟಿದ್ದ 'ಚೇಂಜಸ್' ಹೊರಬಂದದ್ದು 1998ರಲ್ಲಿ. ಹದಿಹರೆಯದ ಕವನಗಳು 1999ರಲ್ಲಿ ಪುಸ್ತಕವಾದವು. 'ಡಿಯರ್ ಮಾಮಾ'ವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಮುಂಬೈನ ಧಾರಾವಿಯ ಗಲ್ಲಿಗಳಲ್ಲಿ, 'ಗಲ್ಲಿ ಬಾಯ್' ಸಿನಿಮಾ ಬರುವ ಎಷ್ಟೋ ಮೊದಲೇ ರ‍್ಯಾಪ್ ಬೇರೂರಿತ್ತು. ಚೆನ್ನೈನಲ್ಲಿ ನಿರ್ದೇಶಕ ಪಾ. ರಂಜಿತ್ ಬೆಂಬಲದ ಕಾಸ್ಟ್‌ಲೆಸ್ ಕಲೆಕ್ಟಿವ್ ತಂಡ 2018ರಿಂದ ಗಾನಾ ಮತ್ತು ರ‍್ಯಾಪ್ ಬೆರೆಸಿ ಜಾತಿಯ ವಿರುದ್ಧ ಹಾಡುತ್ತಿದೆ. ಪಂಜಾಬಿ ಗಾಯಕ ಸಿಧು ಮೂಸೆವಾಲಾ 2022ರಲ್ಲಿ ಟುಪಾಕ್ ಸಾವಿನ ಕಾರಿನ ಚಿತ್ರವನ್ನು ಮುಖಪುಟಕ್ಕೆ ಹಾಕಿ ಹಾಡು ಬಿಡುಗಡೆ ಮಾಡಿದ್ದರು. ಅದೇ ತಿಂಗಳು ಅವರೂ ತಮ್ಮ ವಾಹನದಲ್ಲೇ ಗುಂಡಿಗೆ ಬಲಿಯಾದರು.

ಕೊಲೆ ಪ್ರಕರಣ ಮಾತ್ರ 27 ವರ್ಷ ಅಲ್ಲೇ ನಿಂತಿತ್ತು. ಅಂದು ಹೊಡೆತ ತಿಂದ ಆಂಡರ್ಸನ್ ಆರೋಪ ನಿರಾಕರಿಸುತ್ತಲೇ ಬಂದು, 1998ರಲ್ಲಿ ಬೇರೊಂದು ಗುಂಡಿನ ಕಾಳಗದಲ್ಲಿ ಸತ್ತ. 2023ರ ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್ ಪೊಲೀಸರು ಆತನ ಸೋದರಮಾವ ಡುವೇನ್ ಡೇವಿಸ್‌ನನ್ನು ಬಂಧಿಸಿದರು. ಆ ಬಿಳಿ ಕ್ಯಾಡಿಲಾಕ್‌ನಲ್ಲಿ ತಾನಿದ್ದೆ ಎಂದು ಡೇವಿಸ್ ತನ್ನ ಪುಸ್ತಕದಲ್ಲೇ ಬರೆದುಕೊಂಡಿದ್ದ. ಕೋರ್ಟ್‌ನಲ್ಲಿ ತಾನು ನಿರ್ದೋಷಿ ಎಂದಿದ್ದಾನೆ. ವಿಚಾರಣೆಯ ದಿನಾಂಕ ಹಲವು ಬಾರಿ ಮುಂದಕ್ಕೆ ಹೋಗಿದೆ. ಮಗನ ಹಾಡುಗಳ ಹಕ್ಕಿಗಾಗಿ ಕಂಪನಿಗಳ ಜತೆ ಹೋರಾಡಿ ಗೆದ್ದ ಅಫೇನಿ, ಈ ಬಂಧನದ ಸುದ್ದಿ ಕೇಳಲು ಇರಲಿಲ್ಲ. 2016ರ ಮೇ ತಿಂಗಳಲ್ಲಿ ಅವರು ತೀರಿಕೊಂಡಿದ್ದರು.