ಪಕ್ಷಿಗಳ ಗೆಳೆಯ ಡಾ. ಸಲೀಂ ಅಲಿ

ಹವ್ಯಾಸವೆಂದರೆ ಹೊತ್ತು ಕಳೆಯುವ ಕೆಲಸ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಪರೀಕ್ಷೆಗೆ ಬಾರದ ವಿಷಯದಲ್ಲಿ ಮಕ್ಕಳು ಆಸಕ್ತಿ ತೋರಿದರೆ ಪಾಲಕರು ಗದರಿಸುವುದೂ ಉಂಟು. ಆದರೆ ಬಾಲ್ಯದ ಒಂದು ಹವ್ಯಾಸವನ್ನು ಕೊನೆಯವರೆಗೂ ಬಿಡದೆ, ಭಾರತದ ಪಕ್ಷಿಗಳನ್ನು ಜಗತ್ತಿಗೆ ಪರಿಚಯಿಸಿದ ಮಹನೀಯರೊಬ್ಬರಿದ್ದರು. ಅವರೇ ಡಾ. ಸಲೀಂ ಅಲಿ.

ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯ ಸುಲೈಮಾನಿ ಬೋಹ್ರಾ ಮನೆತನದಲ್ಲಿ ಒಂಬತ್ತನೆಯ ಮಗುವಾಗಿ ಜನಿಸಿದರು. ಒಂದು ವರ್ಷದವರಿದ್ದಾಗ ತಂದೆಯನ್ನೂ, ಮೂರು ವರ್ಷದವರಿದ್ದಾಗ ತಾಯಿಯನ್ನೂ ಕಳೆದುಕೊಂಡರು. ಸೋದರಮಾವ ಅಮೀರುದ್ದೀನ್ ತೈಯಬ್ಜಿ ಮತ್ತು ಹಮೀದಾ ಬೇಗಂ ಅವರೇ ಈ ಅನಾಥ ಮಕ್ಕಳನ್ನು ಸಾಕಿ ಬೆಳೆಸಿದರು.

ಸುಮಾರು ಹತ್ತು ವರ್ಷದ ಸಲೀಂ ಒಂದು ದಿನ ಆಟದ ಏರ್‌ಗನ್ನಿನಿಂದ ಗುಬ್ಬಿಯೊಂದನ್ನು ಹೊಡೆದರು. ಎತ್ತಿ ನೋಡಿದರೆ ಅದರ ಕತ್ತಿನಲ್ಲಿ ಹಳದಿ ಮಚ್ಚೆ! ಇದು ಯಾವ ಹಕ್ಕಿ ಎಂಬ ಪ್ರಶ್ನೆಗೆ ಮಾವನಲ್ಲೂ ಉತ್ತರವಿರಲಿಲ್ಲ. ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲಾರ್ಡ್ ಅವರ ಬಳಿಗೆ ಕಳಿಸಿದರು. ಮಿಲಾರ್ಡ್ ಹಕ್ಕಿಯನ್ನು ಗುರುತಿಸಿದ್ದಲ್ಲದೆ, ಅಲ್ಲಿದ್ದ ಪಕ್ಷಿಗಳ ಸಂಗ್ರಹವನ್ನೆಲ್ಲ ಪ್ರೀತಿಯಿಂದ ತೋರಿಸಿದರು. ಆ ಭೇಟಿ ಹುಡುಗನ ಬದುಕಿನ ದಾರಿಯನ್ನೇ ಬದಲಿಸಿತು. ಮಕ್ಕಳು ಪ್ರಶ್ನೆ ಕೇಳಿದಾಗ ಹಿರಿಯರು ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಅವರು ಜಾಣ ವಿದ್ಯಾರ್ಥಿಯೇನೂ ಆಗಿರಲಿಲ್ಲ. ಅನಾರೋಗ್ಯದಿಂದ ಶಾಲೆ ಆಗಾಗ ತಪ್ಪುತ್ತಿತ್ತು. 1913ರಲ್ಲಿ ಹೇಗೋ ಮೆಟ್ರಿಕ್ ಪಾಸಾದರು. ಬರ್ಮಾಕ್ಕೆ ಹೋಗಿ ಕುಟುಂಬದ ವ್ಯಾಪಾರದಲ್ಲಿ ತೊಡಗಿದರೂ ಮನಸ್ಸೆಲ್ಲ ಕಾಡಿನ ಹಕ್ಕಿಗಳ ಮೇಲೆ. 1918ರಲ್ಲಿ ತೆಹಮಿನಾ ಅವರನ್ನು ವಿವಾಹವಾದರು. ವಿಶ್ವವಿದ್ಯಾಲಯದ ಪದವಿ ಇಲ್ಲದ್ದರಿಂದ ಸರ್ಕಾರದ ಪಕ್ಷಿತಜ್ಞರ ಹುದ್ದೆ ಕೈತಪ್ಪಿತು. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ನೌಕರಿ ಸಿಕ್ಕಿತು. ರಜೆ ಪಡೆದು ಬರ್ಲಿನ್ನಿಗೆ ಹೋಗಿ, ಪ್ರಸಿದ್ಧ ವಿಜ್ಞಾನಿ ಸ್ಟ್ರೆಸ್‌ಮನ್ ಅವರಲ್ಲಿ ಪಕ್ಷಿಶಾಸ್ತ್ರ ಕಲಿತರು. 1930ರಲ್ಲಿ ಮರಳಿ ಬಂದಾಗ, ಹಣದ ಕೊರತೆಯಿಂದ ಆ ನೌಕರಿಯೇ ರದ್ದಾಗಿತ್ತು!

ಬೇರೆಯವರಾಗಿದ್ದರೆ ಎದೆಗುಂದುತ್ತಿದ್ದರು. ಸಲೀಂ ಅಲಿಯವರು ಪತ್ನಿಯೊಡನೆ ಸಮುದ್ರ ತೀರದ ಕಿಹಿಮ್ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ಗೀಜಗಗಳನ್ನು ತಿಂಗಳುಗಟ್ಟಲೆ ಗಮನಿಸಿದರು. ಗಂಡು ಗೀಜಗ ಅರ್ಧ ಗೂಡು ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಗೂಡು ಪೂರ್ಣವಾಗುತ್ತದೆ. ಬಳಿಕ ಗಂಡು ಇನ್ನೊಂದು ಹೆಣ್ಣಿಗಾಗಿ ಮತ್ತೊಂದು ಗೂಡು ಆರಂಭಿಸುತ್ತದೆ. ಈ ಸಂಗತಿಗಳನ್ನು ಬರೆದು ಪ್ರಕಟಿಸಿದಾಗ ವಿದ್ವಾಂಸರ ಗಮನ ಅವರತ್ತ ಹರಿಯಿತು. ನಿರುದ್ಯೋಗದ ದಿನಗಳೇ ಅವರಿಗೆ ಹೆಸರು ತಂದವು.

ಮುಂದೆ ಅವರು ಸಂಸ್ಥಾನಗಳ ಪಕ್ಷಿ ಸಮೀಕ್ಷೆಗೆ ಕೈಹಾಕಿದರು. ಸಂಬಳ ಬೇಡ, ಪ್ರವಾಸದ ಖರ್ಚು ಕೊಟ್ಟರೆ ಸಾಕು ಎಂಬುದು ಅವರ ಕರಾರು. ಮೊದಲ ದೊಡ್ಡ ಸಮೀಕ್ಷೆ 1931ರಲ್ಲಿ ಆರಂಭವಾದ ಹೈದರಾಬಾದ್ ಸಂಸ್ಥಾನದ್ದು. ಅಂದು ನಮ್ಮ ಕನಕಗಿರಿ, ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಆ ಸಂಸ್ಥಾನಕ್ಕೇ ಸೇರಿದ್ದವು ಎಂಬುದನ್ನು ನೀವು ನೆನಪಿಡಬೇಕು. 1939ರಲ್ಲಿ ತೆಹಮಿನಾ ತೀರಿಕೊಂಡರು. ಆ ದುಃಖದಲ್ಲೂ 1939-40ರಲ್ಲಿ ಮೈಸೂರು ಸಂಸ್ಥಾನದ ಸಮೀಕ್ಷೆ ಮಾಡಿದರು. ಅವರ ಸಲಹೆಯಂತೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

1941ರಲ್ಲಿ ಭಾರತದ ಪಕ್ಷಿಗಳ ಬಗ್ಗೆ ಅವರ ಪುಸ್ತಕ ಹೊರಬಂದು ಸಾಮಾನ್ಯರಿಗೂ ಪಕ್ಷಿವೀಕ್ಷಣೆಯ ರುಚಿ ಹಚ್ಚಿತು. ಅಮೆರಿಕದ ರಿಪ್ಲೆ ಅವರೊಡನೆ ಹತ್ತು ಸಂಪುಟಗಳ ಬೃಹತ್ ಕೃತಿಯನ್ನೂ ರಚಿಸಿದರು. ಪದವಿ ಇಲ್ಲದ ಈ ವಿದ್ವಾಂಸರಿಗೆ 1958ರಲ್ಲಿ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಅದೇ ವರ್ಷ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಬಂದವು. ತಮಗೆ ಬಂದ ಅಂತಾರಾಷ್ಟ್ರೀಯ ಗೆಟ್ಟಿ ಪ್ರಶಸ್ತಿಯ ಹಣದ ಬಹುಪಾಲನ್ನು ಅವರು ಸೊಸೈಟಿಗೇ ಕೊಟ್ಟರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರ ಜೂನ್ 20ರಂದು, 90ನೇ ವಯಸ್ಸಿನಲ್ಲಿ ನಿಧನರಾದರು.

ವಿದ್ಯಾರ್ಥಿಗಳೇ, ಸಲೀಂ ಅಲಿಯವರು ಕಂಡ ಗೀಜಗ ನಮ್ಮ ಸುತ್ತಲೂ ಇದೆ. ಮಳೆಗಾಲದಲ್ಲಿ ಬಾವಿಯ ಮೇಲೆ ಬಾಗಿದ ಜಾಲಿ, ಈಚಲು ಗಿಡಗಳನ್ನು ನೋಡಿ. ತಲೆ ಹಳದಿಯಾದ ಗಂಡು ಗೂಡು ನೇಯುತ್ತಿರುತ್ತದೆ. ಗಂಗಾವತಿ ಕಡೆಯ ಭತ್ತದ ಗದ್ದೆಗಳಲ್ಲಿ ಬೆಳ್ಳಕ್ಕಿ, ವಿದ್ಯುತ್ ತಂತಿಯ ಮೇಲೆ ನಮ್ಮ ರಾಜ್ಯಪಕ್ಷಿ ನೀಲಕಂಠ, ಕೆರೆಯ ದಂಡೆಯಲ್ಲಿ ಮಿಂಚುಳ್ಳಿ ಸಿಗುತ್ತವೆ. ದುಬಾರಿ ದುರ್ಬೀನು ಬೇಕಿಲ್ಲ. ಬೆಳಗಿನ ಒಂದು ಗಂಟೆ, ಒಂದು ನೋಟ್‌ಬುಕ್ ಸಾಕು. ದಿನಾಂಕ, ಸ್ಥಳ, ಹಕ್ಕಿಯ ಬಣ್ಣ, ಅದು ಮಾಡುತ್ತಿದ್ದ ಕೆಲಸ ಇಷ್ಟನ್ನು ಬರೆದಿಡಿ. ಗೂಡಿಗೆ ಕೈ ಹಚ್ಚಬೇಡಿ, ಕವಣೆ ಹಿಡಿದ ಗೆಳೆಯರಿಗೆ ತಿಳಿಹೇಳಿ.

ಅಂಕ ಕಡಿಮೆ ಬಂದಿತೆಂದೋ, ನೌಕರಿ ಸಿಗಲಿಲ್ಲವೆಂದೋ ಕುಗ್ಗಿರುವ ಯುವಕ ಯುವತಿಯರು ಈ ಜೀವನವನ್ನು ಒಮ್ಮೆ ನೆನೆಯಬೇಕು. ತಾಳ್ಮೆಯಿಂದ ನೋಡುವುದು, ನೋಡಿದ್ದನ್ನು ಪ್ರಾಮಾಣಿಕವಾಗಿ ಬರೆಯುವುದು ಕೂಡ ವಿದ್ಯೆಯೇ. ಅದಕ್ಕೆ ಪ್ರವೇಶ ಪರೀಕ್ಷೆಯಿಲ್ಲ, ಶುಲ್ಕವೂ ಇಲ್ಲ.